ಹೆಸರು ಹೇಳದ ಬಾಯಿ, ಹೆಸರು ಬರೆದ ಕೈ

ನಮ್ಮ ಯಜಮಾನರ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಬರೆದದ್ದು ಒಂದೇ ಒಂದು ದಿನ, ಅದೂ ಇಂಗ್ಲೀಷಿನಲ್ಲಿ, ಚಿತ್ರದುರ್ಗದ ಒಂದು ಪರೀಕ್ಷೆಯ ಕೋಣೆಯಲ್ಲಿ ಕುಳಿತು. ಆ ಒಂದು ದಿನ ಬರೆದದ್ದಕ್ಕೆ ನನ್ನ ಬದುಕೇ ಬೇರೆಯಾಯಿತು. ಈಗ ಮೊಮ್ಮಕ್ಕಳು, "ಅಜ್ಜಿ, ತಾತನ ಹೆಸರು ಹೇಳು ನೋಡಾಣ" ಎಂದು ಕಾಡುತ್ತವೆ. ಹೇಳಲ್ಲ ಹೋಗ್ರೋ ಎನ್ನುತ್ತೇನೆ. ಇಲ್ಲಿಯೂ ಬರೆಯುವುದಿಲ್ಲ. ಅವರದನ್ನೇ ಬರೆಯದ ಮೇಲೆ ಬೇರೆಯವರ ಹೆಸರು ತಗೊಂಡು ಏನು ಮಾಡಲಿ? ಒಬ್ಬರ ಹೆಸರೂ ಇಲ್ಲದೆ ಇಡೀ ಕಥೆ ಹೇಳಬಲ್ಲೆ. ಅದು ನಮ್ಮತ್ತೆ ಕಲಿಸಿಕೊಟ್ಟ ವಿದ್ಯೆ.

ನನ್ನ ತವರು ಹಿರಿಯೂರು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ, ಗಣಿತ, ಸಮಾಜ ಎಲ್ಲವನ್ನೂ ದಾಟಿಕೊಂಡು ಬಂದವಳು ಇಂಗ್ಲೀಷಿನಲ್ಲಿ ದಬಕ್ಕನೆ ಬಿದ್ದೆ. ಎರಡು ವಾಕ್ಯ ಕೊಟ್ಟು ಒಂದು ಮಾಡಿ ಎನ್ನುವ ಪ್ರಶ್ನೆ ಇರುತ್ತಿತ್ತು. ‘ಆ ಮನುಷ್ಯ ನನ್ನ ಮಾವ. ಅವನು ನಿನ್ನೆ ಬಂದ.’ ಇವೆರಡನ್ನೂ ಸೇರಿಸಬೇಕು. ಕನ್ನಡದಲ್ಲಾದರೆ ಮೂರು ವರ್ಷದ ಕೂಸೂ ‘ನಿನ್ನೆ ಬಂದ ಮನುಷ್ಯ’ ಅಂದುಬಿಡುತ್ತದೆ. ಇಂಗ್ಲೀಷಿನಲ್ಲಿ ಮಾತ್ರ ನಡುವೆ ‘ಹೂ’ ಅಂತ ಒಂದು ಬರಬೇಕಂತೆ, ದನಕರುವಿಗಾದರೆ ‘ವಿಚ್’ ಅಂತೆ. ‘ಹೂ’ ಅಂದರೆ ‘ಯಾರು’ ಎಂದು ನಮಗೆ ಮೊದಲೇ ಕಲಿಸಿದ್ದರು. ಬಂದವನು ಮಾವ ಎಂದು ಗೊತ್ತಿದ್ದೂ ನಡುವೆ ನಿಂತು ಯಾರು, ಯಾರು ಎಂದು ಯಾಕೆ ಕೇಳಬೇಕು? ನನ್ನ ತಲೆಗೆ ಅದು ಇಳಿಯಲೇ ಇಲ್ಲ.

ಆಗೆಲ್ಲ ಹುಡುಗಿ ಫೇಲಾದಳು ಎಂದರೆ ಗಂಡು ಹುಡುಕಲು ಹೊರಟರು ಎಂದೇ ಅರ್ಥ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯಕ್ಕೆ ನನ್ನನ್ನು ಕೊಟ್ಟರು. ಗಂಡ ಹೊಸದುರ್ಗದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ಅಲ್ಲೇ ಒಂದು ರೂಮು ಮಾಡಿಕೊಂಡಿದ್ದರು, ಶನಿವಾರ ಸಂಜೆ ಬಂದು ಸೋಮವಾರ ಬೆಳಗ್ಗೆ ಹೋಗುತ್ತಿದ್ದರು. ಉಳಿದ ದಿನ ಮನೆಯಲ್ಲಿ ಅತ್ತೆ, ಮಾವ, ನಾನು, ನಾಲ್ಕು ಎತ್ತು, ಎರಡು ಎಮ್ಮೆ.

ತಾಳ್ಯದಲ್ಲಿ ಜನರನ್ನು ಹೆಸರಿಗಿಂತ ಹೆಚ್ಚಾಗಿ ಅವರು ಮಾಡಿದ್ದನ್ನು ಹಿಡಿದು ಕರೆಯುತ್ತಿದ್ದರು. ಬಾವಿಗೆ ಬಿದ್ದು ಎದ್ದು ಬಂದೋನು, ಮಿಲ್ಲಿನ ಕೆಲಸ ಬಿಟ್ಟು ಬಂದೋನು, ಎರಡು ಸಲ ಎಮ್ಮೆ ಕಳಕೊಂಡೋಳು. ಒಂದು ಸಲ ಅಂಟಿತೋ, ಸಾಯುವವರೆಗೂ ಬಿಡುತ್ತಿರಲಿಲ್ಲ. ಬಾವಿಗೆ ಬಿದ್ದವನಿಗೆ ಆಗ ಅರವತ್ತು ದಾಟಿತ್ತು, ಅವನು ಬಿದ್ದದ್ದು ಏಳನೇ ವಯಸ್ಸಿನಲ್ಲಿ. ನಾನು ಬಂದು ತಿಂಗಳಾಗಿರಲಿಲ್ಲ, ಎದುರುಮನೆಯವಳು ನೀರಿನ ಕೊಡ ಹೊತ್ತುಕೊಂಡು ಹೋಗುತ್ತಾ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಅದೇ ಕಣೇ, ಇಂಗ್ಲೀಷಲ್ಲಿ ಫೇಲಾದೋಳು. ಅವರ ಮನೆ ಹೊಸ ಸೊಸೆ." ನನಗೆ ಮೈಯೆಲ್ಲ ಉರಿದುಹೋಯಿತು. ಹದಿನೇಳು ವರ್ಷ ನನಗೆ. ಇನ್ನು ಅರವತ್ತು ವರ್ಷ ನಾನು ಈ ಊರಲ್ಲಿ ಫೇಲಾದೋಳಾಗಿ ಬದುಕಬೇಕಾ? ಒಳಗೆ ಬಂದು ರಾಗಿಹಿಟ್ಟಿನ ಡಬ್ಬಿಯ ಮುಚ್ಚಳವನ್ನು ಎಷ್ಟು ಜೋರಾಗಿ ಹಾಕಿದೆನೆಂದರೆ ಅತ್ತೆ ಹೊರಗಿನಿಂದ ಓಡಿ ಬಂದರು.

ಅವರ ಎದುರಿಗೇ ಅತ್ತುಬಿಟ್ಟೆ. ಇನ್ನೊಂದು ಸಲ ಪರೀಕ್ಷೆಗೆ ಕುಳಿತುಕೊಳ್ಳುತ್ತೇನೆ, ಪಾಸಾದರೆ ಟೀಚರ್ ಟ್ರೈನಿಂಗಿಗೆ ಹೋಗುತ್ತೇನೆ, ಟೀಚರಾಗುತ್ತೇನೆ ಎಂದೆ. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಮಾವನ ಹತ್ತಿರ ಹೋದರು. ಮಾವ ಒಳ್ಳೆಯವರೇ, ಆದರೆ ಕಬ್ಬಿಣದ ಕಡಲೆಯಷ್ಟು ಗಟ್ಟಿ. ಸ್ವಲ್ಪ ಹೊತ್ತು ಮೀಸೆ ತಿರುವಿ ಹೇಳಿದರು: "ಒಂದೇ ಒಂದು ಸಲ ಕಣವ್ವ. ಪಾಸಾದ್ಯೋ, ದುರ್ಗದ ಟ್ರೈನಿಂಗಿಗೆ ನಾನೇ ಕರ್ಕೊಂಡ್ಹೋಗಿ ಬಿಟ್ಟು ಬರ್ತೀನಿ. ಆಗ್ಲಿಲ್ವೋ, ಪುಸ್ತಕ ಅಟ್ಟಕ್ಕೆ ಹಾಕಿ ಮತ್ತೆ ಆ ಮಾತು ಎತ್ತಂಗಿಲ್ಲ." ಆಡಿದ ಮಾತು ತಪ್ಪುವ ಜನವಲ್ಲ ಅವರು, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ.

ಇಲ್ಲಿ ನಮ್ಮತ್ತೆಯ ಬಗ್ಗೆ ಹೇಳಲೇಬೇಕು. ತುರುವನೂರಿನ ಹೆಣ್ಣು. ಸ್ವಾತಂತ್ರ್ಯಕ್ಕೆ ಹೋರಾಡಿದ ಊರಿನವರೆಂದು ಅವರಿಗೆ ಭಾರೀ ಜಂಬ. ಓದು ಬರಹ ಬಾರದು, ಆದರೆ "ಇಂಗ್ಲೀಷರನ್ನೇ ಓಡಿಸಿದೋರು ನಮ್ಮೂರೋರು, ಅವರು ಬಿಟ್ಟು ಹೋದ ಪುಸ್ತಕಕ್ಕೆ ಹೆದರ್ತೀಯೇನೇ ಹುಡುಗಿ?" ಎಂದು ನನ್ನನ್ನು ಚುಚ್ಚುತ್ತಿದ್ದರು. ಇಂಥ ಗಟ್ಟಿಗಿತ್ತಿ ಗಂಡನ ಹೆಸರಿನ ವಿಷಯದಲ್ಲಿ ಮಾತ್ರ ಹೂವಿನಂತೆ ಮುದುಡುತ್ತಿದ್ದರು. ಹೆಂಡತಿ ಹೆಸರು ಹೇಳಿದರೆ ಗಂಡನ ಆಯುಸ್ಸು ಕಮ್ಮಿಯಾಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಮಾವನ ಹೆಸರಿನೊಳಗೆ ವಾರದ ಒಂದು ದಿನವೂ ಅಡಗಿತ್ತು. ಹಾಗಾಗಿ ಅತ್ತೆಯ ಬಾಯಲ್ಲಿ ಆ ದಿನವೂ ಬರುತ್ತಿರಲಿಲ್ಲ, ಅದು ‘ಎತ್ತು ಹೂಡದ ದಿನ’. ಮಾವನನ್ನಂತೂ ದಿನಕ್ಕೊಂದು ಬಗೆಯಲ್ಲಿ ಕರೆಯುತ್ತಿದ್ದರು. ಕೋಪ ಬಂದಾಗ ಒಂದು, ಅಕ್ಕರೆ ಬಂದಾಗ ಇನ್ನೊಂದು. ಮೂವತ್ತು ವರ್ಷ ಒಬ್ಬ ಮನುಷ್ಯನನ್ನು ಹೆಸರಿಲ್ಲದೆ ಕರೆದು ಕರೆದು ಅವರ ನಾಲಿಗೆ ಪಳಗಿಹೋಗಿತ್ತು. ನಾನೂ ಬಂದ ದಿನದಿಂದ ಅದೇ ಪಾಠ ಹಿಡಿದೆ.

ಹೊಳಲ್ಕೆರೆಯಲ್ಲಿ ಒಬ್ಬ ಹೆಡ್ಮೇಷ್ಟ್ರು ರಿಟೈರಾಗಿ ಮನೆಯಲ್ಲಿದ್ದರು. ಸಾಬರು. ಮನೆಮಾತು ಉರ್ದು, ಕಲಿಸುವುದು ಇಂಗ್ಲೀಷು, ಬಯ್ಯುವುದು ಕನ್ನಡದಲ್ಲಿ. ಬುಧವಾರ, ಶನಿವಾರ ಮಧ್ಯಾಹ್ನ ಬಸ್ಸಿನಲ್ಲಿ ಅವರ ಮನೆಗೆ ಹೋಗುತ್ತಿದ್ದೆ. ಒಬ್ಬಳೇ ಹೋಗುವ ಕಾಲವಲ್ಲ, ಅತ್ತೆ ಜೊತೆಗಿರುತ್ತಿದ್ದರು. ಮೇಷ್ಟ್ರು ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು, ನಾನು ಕೆಳಗೆ ಚಾಪೆಯ ಮೇಲೆ. ಅತ್ತೆ ಕಂಬಕ್ಕೆ ಒರಗಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂರುತ್ತಿದ್ದರು. ಮೇಷ್ಟ್ರ ಹೆಂಡತಿ ಬಾಗಿಲ ಪರದೆಯ ಹಿಂದೆ ಇದ್ದು ಆಗಾಗ ಚಹಾ ಕಳಿಸುತ್ತಿದ್ದರು.

ಮೊದಲ ದಿನವೇ ನಾನು ನನ್ನ ಹಳೇ ಪ್ರಶ್ನೆ ಕೇಳಿದೆ. "ಸಾರ್, ಗೊತ್ತಿರೋ ಮನುಷ್ಯನ್ನ ‘ಯಾರು’ ಅಂತ ಯಾಕೆ ಕೇಳ್ಬೇಕು?"

ಬಯ್ಯುತ್ತಾರೆ ಎಂದುಕೊಂಡಿದ್ದೆ. ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಲವತ್ತು ವರ್ಷ ಪಾಠ ಮಾಡೀನಿ, ಒಬ್ಬನೂ ಇದನ್ನ ಕೇಳಿರಲಿಲ್ಲ ನೋಡಮ್ಮ" ಎಂದರು. "ಅದು ಕೇಳೋದಲ್ಲ, ಕಟ್ಟೋದು. ನಿಮ್ಮ ಕನ್ನಡದಾಗೆ ಎತ್ತು ಮುಂದೆ, ಗಾಡಿ ಹಿಂದೆ. ‘ನಿನ್ನೆ ಬಂದ’ ಅನ್ನೋ ಎತ್ತು ಮುಂದೆ ನಡೀತೈತೆ, ‘ಮನುಷ್ಯ’ ಹಿಂದೆ ಬರ್ತಾನೆ. ಹಗ್ಗಾನೇ ಬ್ಯಾಡ. ಇಂಗ್ಲೀಷಿನೋನು ಗಾಡಿ ಮೊದಲು ನಿಲ್ಲಿಸ್ತಾನೆ, ಎತ್ತನ್ನ ಹಿಂದಕ್ಕೆ ತರ್ತಾನೆ. ಕಟ್ಟಲಿಲ್ಲ ಅಂದ್ರೆ ಎತ್ತು ಓಡ್ಹೋಗ್ತದೆ. ಅದಕ್ಕೇ ‘ಹೂ’ ಅನ್ನೋ ಹಗ್ಗ."

ಹಿರಿಯೂರಿನಲ್ಲಿ ನಮ್ಮ ಪಕ್ಕದ ಮನೆಯವರು ತೆಲುಗಿನವರು. ‘ನಿನ್ನ ವಚ್ಚಿನ ಮನಿಷಿ’ ಎನ್ನುತ್ತಿದ್ದರು, ‘ನಿನ್ನ’ ಅಂದರೆ ಅವರಲ್ಲಿ ನಿನ್ನೆ, ಹೂಬೇಹೂಬು ನಮ್ಮ ಹಾಗೆಯೇ. ಅದನ್ನು ಹೇಳಿದೆ. ಮೇಷ್ಟ್ರಿಗೆ ಹುರುಪು ಬಂತು. "ಅವರದ್ದೂ ಎತ್ತು ಮುಂದೆ! ನಮ್ಮ ಪುಸ್ತಕದ ಉರ್ದು ಕೇಳು. ‘ಜೋ ಆದ್ಮಿ ಕಲ್ ಆಯಾ, ವೋ ಮೇರಾ ಮಾಮೂ ಹೈ.’ ಯಾವ ಮನುಷ್ಯ ನಿನ್ನೆ ಬಂದ್ನೋ, ಅವನು ನಮ್ಮ ಮಾವ. ಎರಡು ಗಾಡಿ ಅಕ್ಕಪಕ್ಕ ಹೋದಂಗೆ. ಸಂಸ್ಕೃತದಾಗೂ ಹಿಂಗೇನೇ. ಆದರೆ ಒಳಗೆ ಕುಂತಾರಲ್ಲ ಅವರು," ಎಂದು ಪರದೆಯ ಕಡೆ ಕೈ ತೋರಿಸಿದರು, "‘ಕಲ್ ಆಯೇ ಸೋ ಆದ್ಮಿ’ ಅಂತಾರೆ. ನಿನ್ನೆ ಬಂದ ಮನುಷ್ಯ! ಉರ್ದು ಹೌದು, ಆದರೆ ಹೊಳಲ್ಕೆರೆ ನೀರು ಕುಡಿದ ಉರ್ದು."

ಪರದೆಯ ಹಿಂದಿನಿಂದ, "ನೀವು ಕುಡಿದಿಲ್ವೇನ್ರೀ ಆ ನೀರು?" ಎಂದು ಕೇಳಿಸಿತು. ನಮ್ಮತ್ತೆ ಬಾಯಿಗೆ ಸೆರಗಿಟ್ಟು ನಕ್ಕರು. ನನಗಂತೂ ಯಾರೋ ಕಿಟಕಿ ತೆರೆದ ಹಾಗಾಯಿತು. ಅಂದರೆ ನಾನು ದಡ್ಡಿಯಲ್ಲ! ಒಂದೊಂದು ಭಾಷೆ ಒಂದೊಂದು ಥರ ಗಾಡಿ ಕಟ್ಟುತ್ತದೆ, ಅಷ್ಟೇ.

ಆದರೂ ಬರೆಯಲು ಕೊಟ್ಟರೆ ನನ್ನ ಪುಸ್ತಕದಲ್ಲಿ ಅರ್ಧ ಖಾಲಿ. ಬಾಯಲ್ಲಿ ಪಟಪಟ ಹೇಳುವವಳು, ಮೇಷ್ಟ್ರು ವ್ಯಾಕರಣದ ಪುಸ್ತಕದಿಂದ ಹತ್ತು ಜೋಡಿ ವಾಕ್ಯ ಕೊಟ್ಟರೆ ಆರು ಮಾಡುತ್ತಿದ್ದೆ, ನಾಲ್ಕು ಬಿಡುತ್ತಿದ್ದೆ. ಮೂರು ವಾರ ಸಹಿಸಿಕೊಂಡರು. ನಾಲ್ಕನೇ ವಾರ ಪುಸ್ತಕವನ್ನು ಚಾಪೆಯ ಮೇಲೆ ಎಸೆದರು.

"ಏನಮ್ಮಾ ಇದು? ‘ಅವನ ಹತ್ತಿರ ಒಂದು ಹಸು ಐತೆ. ಅದು ತುಂಬಾ ಹಾಲು ಕೊಡ್ತದೆ.’ ಇದು ಬರಲ್ವಾ ನಿನಗೆ? ಇದಕ್ಕಿಂತ ಕಷ್ಟದ್ದು ಮಾಡೀಯ, ಸುಲಭದ್ದು ಬಿಟ್ಟೀಯ! ಚೇಷ್ಟೆ ಮಾಡ್ತೀಯೇನು ನನ್ನ ಜೊತೆ?"

ಏನೆಂದು ಹೇಳಲಿ? ಪುಸ್ತಕದಲ್ಲಿ ‘ಅವನ ಹತ್ತಿರ’ ಎಂದಿರಲಿಲ್ಲ, ಅಲ್ಲೊಂದು ಹೆಸರಿತ್ತು. ಇಂಗ್ಲೀಷ್ ವ್ಯಾಕರಣ ಬರೆದವರಿಗೆಲ್ಲ ಇಡೀ ದೇಶದಲ್ಲಿ ಒಬ್ಬನೇ ಹುಡುಗ ಗೊತ್ತು. ಹಸು ಇರುವುದೂ ಅವನ ಹತ್ತಿರವೇ, ಪೇಟೆಗೆ ಹೋಗುವವನೂ ಅವನೇ, ಮಾವಿನಹಣ್ಣು ತಿನ್ನುವವನೂ ಅವನೇ. ಅದೇ ನಮ್ಮ ಯಜಮಾನರ ಹೆಸರು. ಬರೆಯಲು ಕೈ ಏಳುತ್ತಿರಲಿಲ್ಲ. ಅದು ಬರೆಯಬಾರದ ಹೆಸರು ಎಂದು ಬಾಯಿಬಿಟ್ಟು ಹೇಳಲೂ ನಾಚಿಕೆ.

ಅತ್ತೆ ಹುಣಸೆಬೀಜ ಬಿಟ್ಟು ಎದ್ದು ಬಂದರು. "ಮೇಷ್ಟ್ರೇ, ಅದರಾಗೆ ಏನು ಬರೆದೈತೆ, ಓದ್ರಿ ಒಂದ್ಸಲ" ಎಂದರು. ಮೇಷ್ಟ್ರು ಓದಿದರು. ಅತ್ತೆ ಹಣೆ ಚಚ್ಚಿಕೊಂಡರು. "ಅಯ್ಯೋ ಶಿವನೇ! ಅದು ನನ್ನ ಮಗನ ಹೆಸರು. ಅವಳು ಹೆಂಗೆ ಬರೀತಾಳೆ?"

ಪರದೆಯ ಹಿಂದಿನಿಂದ ಜೋರು ನಗು ಬಂತು. ಮೇಷ್ಟ್ರ ಹೆಂಡತಿ ಮೊದಲ ಸಲ ತಲೆ ಹೊರಗೆ ಹಾಕಿದರು. "ನಾನೂ ಹೇಳಿಲ್ಲ ಕಣ್ರಮ್ಮ, ನಲವತ್ತು ವರ್ಷ ಆಯ್ತು. ರೇಷನ್ ಕಾರ್ಡಿನೋನು ಬಂದು ಕೇಳಿದ್ರೆ ಪಕ್ಕದ ಮನೆಯೋರನ್ನ ಕರೀತೀನಿ" ಎಂದರು. ಮೇಷ್ಟ್ರೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ನಕ್ಕು ಮುಗಿಸಿ ನಮ್ಮತ್ತೆಗೆ, "ಹಂಗಾದ್ರೆ ತಾಯಿ, ನಿಮ್ಮ ಯಜಮಾನ್ರನ್ನ ಹೆಂಗೆ ಗುರುತು ಹೇಳ್ತೀರಿ? ಹೇಳ್ರಿ ನೋಡೋಣ" ಎಂದರು.

ಅತ್ತೆಗೆ ಅದೇನು ಮಹಾ! ಸೆರಗು ಸರಿ ಮಾಡಿಕೊಂಡು ಶುರು ಮಾಡಿದರು. "ನನ್ನನ್ನ ತುರುವನೂರಿಂದ ಕರ್ಕೊಂಡು ಬಂದೋರು. ಹುಣಸೇಮರದಿಂದ ಬಿದ್ದು ಕಾಲು ಮುರ್ಕೊಂಡೋರು. ಹೇಳಿದ ಮಾತು ಒಂದೂ ಕೇಳದೋರು. ಬೆಳಗ್ಗೆ ಹೊಲಕ್ಕೆ ಹೋಗಿ ಇನ್ನೂ ಬರದೋರು."

"ಶಹಬ್ಬಾಸ್!" ಎಂದರು ಮೇಷ್ಟ್ರು. ನನ್ನ ಕಡೆ ತಿರುಗಿ, "ನಾಲ್ಕೂ ಇಂಗ್ಲೀಷಲ್ಲಿ ಹೇಳು. ಗಾಡಿ ಮುಂದೆ, ಎತ್ತು ಹಿಂದೆ, ಹಗ್ಗ ಮರೀಬೇಡ" ಎಂದರು.

ಹೇಳಿದೆ. ‘ದಿ ಮ್ಯಾನ್ ಹೂ ಬ್ರಾಟ್ ಮಿ ಫ್ರಮ್ ತುರುವನೂರು.’ ‘ದಿ ಮ್ಯಾನ್ ಹೂ ಫೆಲ್ ಫ್ರಮ್ ದಿ ಟ್ಯಾಮರಿಂಡ್ ಟ್ರೀ.’ ನಾಲ್ಕಕ್ಕೆ ನಾಲ್ಕೂ, ಎಲ್ಲೂ ತಡೆಯದೆ. ನಮ್ಮತ್ತೆ ಮೂವತ್ತು ವರ್ಷದಿಂದ ಆಡುತ್ತಿದ್ದದ್ದನ್ನೇ ನಾನು ಹಿಂದುಮುಂದು ಮಾಡಿ ಹೇಳುತ್ತಿದ್ದೆ! ಅತ್ತೆ ಬೆರಗಾಗಿ, "ನಾನು ಮಾತಾಡಿದ್ದು ಇಂಗ್ಲೀಷಾತೇನೇ?" ಎಂದರು. ಆ ದಿನ ನನಗಾದ ಖುಷಿಗೆ ಹೊಳಲ್ಕೆರೆ ಬಸ್‌ಸ್ಟ್ಯಾಂಡಿನವರೆಗೂ ಕಾಲು ನೆಲಕ್ಕೆ ತಾಗಿರಲಿಕ್ಕಿಲ್ಲ.

ಆದರೆ ಹೊರಡುವಾಗ ಮೇಷ್ಟ್ರು ಇನ್ನೊಂದು ಮಾತು ಹೇಳಿ ಕಳಿಸಿದ್ದರು. "ವಿದ್ಯೆ ಬಂತು ಮಗಳೇ. ಆದರೆ ಪರೀಕ್ಷೆ ನೋಡೋನು ಹೊರಗಿನೋನು. ನಿನ್ನ ಆಚಾರ ಅವನಿಗೆ ಗೊತ್ತಿಲ್ಲ. ಹೆಸರು ಬಿಟ್ಟು ಬರೆದ್ರೆ ಸೊನ್ನೆ ಹಾಕ್ತಾನೆ. ಹೋದ ವರ್ಷದ ಪೇಪರ್ ನೋಡು, ಐದರಲ್ಲಿ ಮೂರು ಕಡೆ ಇದೇ ಹೆಸರು."

ಬಸ್ಸಿನಲ್ಲಿ ಅತ್ತೆ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೂ ಇಲ್ಲ. ನನಗೆ ಅರ್ಥವಾಯಿತು. ಮಾರ್ಕು ನನ್ನದು, ಆದರೆ ಆಯುಸ್ಸು ಅವರ ಮಗನದ್ದು. ಒಬ್ಬನೇ ಮಗ. ಬರೆಯಲಾ ಎಂದು ನಾನು ಯಾವ ಬಾಯಲ್ಲಿ ಕೇಳಲಿ? ಕೇಳದೆ ಬರೆದು, ನಾಳೆ ಅವರಿಗೆ ಒಂದು ನೆಗಡಿ ಬಂದರೂ ಈ ಮನೆಯಲ್ಲಿ ನನ್ನ ಮುಖ ಹೇಗಿರುತ್ತದೆ? ನನಗೂ ಭಯವಿತ್ತು, ಸುಳ್ಳು ಯಾಕೆ ಹೇಳಲಿ. ಯಜಮಾನರು ಶನಿವಾರ ಬಂದು ಅನ್ನ ಕಮ್ಮಿ ತಿಂದರೆ ರಾತ್ರಿ ಹಣೆ ಮುಟ್ಟಿ ನೋಡುತ್ತಿದ್ದೆ. ಅವರ ಹತ್ತಿರವೂ ಹೇಳಲಿಲ್ಲ.

ಅತ್ತೆ ಮಾತು ಬಿಟ್ಟದ್ದಷ್ಟೇ ಅಲ್ಲ, ಇನ್ನೊಂದು ವಿಚಿತ್ರ ಶುರುವಾಯಿತು. ಮಾವನ ಹಿಂದೆ ಬಿದ್ದರು. ಹುಣಸೆ ಬಡಿಯುವ ಕಾಲ ಅದು, ಮಾವ ಮರ ಹತ್ತಲು ಹೋದರೆ ಪಂಚೆ ಹಿಡಿದು ಎಳೆದರು. ಒಂದು ಸಲ ಕೆಮ್ಮಿದರೆ ಮೆಣಸಿನ ಕಷಾಯ ತಂದು ನಿಲ್ಲುತ್ತಿದ್ದರು. ಎತ್ತಿನ ಹತ್ತಿರ ಹೋದರೆ "ಹಿಂದಕ್ಕೆ ಸರೀರಿ, ಒದ್ದಾತು" ಎನ್ನುತ್ತಿದ್ದರು. ಮಾವ ನನ್ನ ಹತ್ತಿರ ಗೊಣಗಿದರು: "ಏನಾಗೈತವ್ವ ನಿಮ್ಮತ್ತೆಗೆ? ಮೂವತ್ತು ವರ್ಷದಾಗೆ ಇಲ್ಲದ ಪ್ರೀತಿ ಈಗ ಉಕ್ಕೈತಲ್ಲ!" ನನಗೂ ಏನೂ ತಿಳಿಯಲಿಲ್ಲ. ನನ್ನ ಮೇಲಿನ ಸಿಟ್ಟಿಗೆ ಹೀಗೆಲ್ಲ ಆಡುತ್ತಿದ್ದಾರೆ ಎಂದುಕೊಂಡೆ.

ಪರೀಕ್ಷೆಯ ದಿನ ಬಂತು. ಇಂಗ್ಲೀಷೊಂದೇ ಬರೆಯುವುದಿತ್ತು. ಮೊದಲನೇ ಬಸ್ಸಿಗೆ ಅತ್ತೆ, ನಾನು ಹೊರಟೆವು. ಸೆಂಟರು ಚಿತ್ರದುರ್ಗದಲ್ಲಿ, ಕಲ್ಲಿನ ಗುಡ್ಡ ಕಾಣುವ ಒಂದು ಹೈಸ್ಕೂಲು. ಗೇಟಿನ ಹತ್ತಿರ ಹುಡುಗರು ಗೈಡು ತಿರುವುತ್ತಿದ್ದರು. ನನ್ನ ಕೊರಳಿನ ತಾಳಿ ನೋಡಿ ಒಬ್ಬ, "ಟೀಚರ್, ರೂಮ್ ನಂಬರ್ ಎಲ್ಲಿ ಹಾಕಿದ್ದಾರೆ?" ಎಂದು ನನ್ನನ್ನೇ ಕೇಳಿದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲನೇ ಗಂಟೆ ಹೊಡೆಯಿತು. ನಾನು ಒಳಗೆ ಹೋಗಲು ತಿರುಗಿದೆ, ಅತ್ತೆ ರಟ್ಟೆ ಹಿಡಿದು ನಿಲ್ಲಿಸಿದರು.

"ಇಲ್ಲಿ ಕೇಳೇ" ಎಂದರು. "ಮೇಷ್ಟ್ರು ಹೇಳಿದ್ರಲ್ಲ, ಮಾರನೇ ದಿನ ಖಾಲಿ ಹೊಲಕ್ಕೆ ಹೋದೆ. ಯಾರೂ ಇರಲಿಲ್ಲ. ನಿಮ್ಮ ಮಾವನ ಹೆಸರು ಮೂರು ಸಲ ಕೂಗಿದೆ. ಜೋರಾಗಿ."

ನಾನು ಅವರ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. "ಅತ್ತೆ!"

"ಸುಮ್ನಿರು, ಪೂರ್ತಿ ಕೇಳು. ಕೂಗಿ ಎರಡು ವಾರ ಕಾದೆ. ಹೇಳಿದ್ದಕ್ಕೆ ಏನಾದ್ರೂ ಆಗೋದಾದ್ರೆ ಮೊದಲು ನನ್ನ ಗಂಡನಿಗೇ ಆಗ್ಲಿ, ಆಮೇಲೆ ಮಗನ ಮಾತು ಅಂತ. ದಿನಾ ನೋಡಿದೆ, ಮೂರು ಹೊತ್ತೂ ನೋಡಿದೆ. ಏನೂ ಆಗ್ಲಿಲ್ಲ ಕಣೇ. ಕಲ್ಲುಗುಂಡಿನಂಗೆ ಅವ್ರೆ! ಮೊದಲಿಗಿಂತ ಒಂದು ಮುದ್ದೆ ಜಾಸ್ತೀನೇ ಉಣ್ತಾರೆ." ಅವರ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಬಾಯಲ್ಲಿ ಕೂಗಿದ್ದಕ್ಕೇ ಏನೂ ಆಗ್ಲಿಲ್ಲ, ಇನ್ನು ಕೈಯಲ್ಲಿ ಬರೆದ್ರೆ ಏನಾದಾತು? ಕೈಗೇನು ನಾಲಿಗೆ ಐತಾ? ಅವನನ್ನ ಹೆತ್ತೋಳು ನಾನು ಹೇಳ್ತೀನಿ, ಬರೀ. ಅವನ ಆಯುಸ್ಸಿಗೆ ನಾನು ಜವಾಬು. ಹೋಗು!"

ನಾನು ಅಲ್ಲೇ ಬಗ್ಗಿ ಅವರ ಕಾಲು ಮುಟ್ಟಿದೆ. ಮೂವತ್ತು ವರ್ಷ ವಾರದ ಒಂದು ದಿನದ ಹೆಸರನ್ನೂ ಬಾಯಿಗೆ ತಾರದ ಹೆಂಗಸು, ನನ್ನ ಒಂದು ಪರೀಕ್ಷೆಗಾಗಿ ಹೊಲದ ನಡುವೆ ನಿಂತು ಗಂಡನ ಹೆಸರು ಕೂಗಿದ್ದರು. ಕೂಗಿ, ಎರಡು ವಾರ ಒಬ್ಬರೇ ಆ ಭಯ ಹೊತ್ತು ತಿರುಗಿದ್ದರು. ಹೆತ್ತ ತಾಯಿ ನನಗೆ ಇಷ್ಟು ಮಾಡಿರಲಿಲ್ಲ.

ಪ್ರಶ್ನೆಪತ್ರಿಕೆ ಬಂತು. ಕಣ್ಣು ಮೊದಲು ಅಲ್ಲಿಗೇ ಓಡಿತು. ಐದು ಜೋಡಿ ವಾಕ್ಯ. ಮೊದಲನೆಯದರಲ್ಲೇ ನಮ್ಮ ಯಜಮಾನರು ಹಸು ಹಿಡಿದುಕೊಂಡು ನಿಂತಿದ್ದರು! ದನದ ಆಸ್ಪತ್ರೆ ಕಾಂಪೌಂಡರಿಗೆ ಹಸು ಸರಿಯಾಗಿಯೇ ಇದೆ ಎನಿಸಿ, ಅಷ್ಟು ಭಯದಲ್ಲೂ ನಗು ಬಂತು. ಪೆನ್ನು ತೆಗೆದೆ. ಮೊದಲ ಅಕ್ಷರ ಬರೆಯುವಾಗ ಇಂಕಿನ ಒಂದು ತೊಟ್ಟು ಬಿತ್ತು. ಅದನ್ನು ಸೆರಗಿನ ತುದಿಯಿಂದ ಒತ್ತಿದೆ. ಪೂರ್ತಿ ಬರೆದೆ. ಕಿಟಕಿಯಾಚೆ ನೋಡಿದೆ, ಆಕಾಶ ಕಳಚಿ ಬಿದ್ದಿರಲಿಲ್ಲ. ಗಾಡಿ ಮುಂದೆ ನಿಲ್ಲಿಸಿದೆ, ‘ವಿಚ್’ ಎನ್ನುವ ಹಗ್ಗ ಹಾಕಿದೆ, ತುಂಬಾ ಹಾಲು ಕೊಡುವುದನ್ನು ಹಿಂದಕ್ಕೆ ಬಿಗಿದೆ. ಆಮೇಲೆ ಯಾರ ಹಂಗೂ ಇಲ್ಲ. ಎರಡನೇ ಸಲ, ಮೂರನೇ ಸಲವೂ ಆ ಹೆಸರು ಬರೆದೆ. ಬರೆಯಲು ಎಷ್ಟು ಚೆಂದದ ಹೆಸರು ಎಂದು ಅವತ್ತೇ ನನಗೆ ಗೊತ್ತಾದದ್ದು.

ಶನಿವಾರ ಯಜಮಾನರು ಬಂದಾಗ ಅತ್ತೆಯೇ ಎಲ್ಲ ಹೇಳಿದರು. ಅವರು ಊಟದ ಕೈ ಹಾಗೇ ಹಿಡಿದು ನನ್ನ ಮುಖ ನೋಡಿದರು. "ಮೂರು ಸಲ ಬರೆದ್ಯಾ?" ಎಂದರು. ಹೂಂ ಎಂದೆ. "ಒಂದು ಸಲಾನಾದ್ರೂ ತಪ್ಪಿಲ್ಲದೆ ಬರೆದಿದ್ದೀಯಾ ಇಲ್ವಾ?" ಎಂದು ನಕ್ಕು, ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಅತ್ತೆ ಆ ಸಾರು ಪೂರ್ತಿ ಮುಗಿಯುವವರೆಗೂ ಅವರನ್ನೇ ನೋಡುತ್ತಿದ್ದರು.

ರಿಸಲ್ಟ್ ಬಂದ ದಿನ ಅವರು ಹೊಸದುರ್ಗದಿಂದ ಪೇಪರ್ ಹಿಡಿದು, ವಾರದ ನಡುವೆಯೇ ರಜ ಹಾಕಿ ಬಂದರು. ಬಸ್ಸಿಳಿದು ಮನೆಗೆ ಬರುವ ದಾರಿಯಲ್ಲೇ ಪಾಸು, ಪಾಸು ಎಂದು ಕೂಗಿಕೊಂಡು ಬಂದರಂತೆ. ನಂಬರು ಇತ್ತು! ನಾನು ಬೆರಳಿಟ್ಟು ನೋಡಿದೆ, ಹಾಲ್ ಟಿಕೆಟ್ ತಂದು ಪಕ್ಕದಲ್ಲಿಟ್ಟು ನೋಡಿದೆ, ಮತ್ತೆ ನೋಡಿದೆ. ಅತ್ತೆಗೆ ಓದಲು ಬಾರದು, ಆದರೂ ಪೇಪರ್ ಕಿತ್ತುಕೊಂಡು ಆ ನಂಬರಿನ ಮೇಲೆ ಕುಂಕುಮ ಇಟ್ಟರು. ಮಾವ ಎದ್ದು ಒಳಗೆ ಹೋಗಿ ತಮ್ಮ ಹಳೇ ಟ್ರಂಕು ಹೊರಗೆ ತಂದು ಒರೆಸತೊಡಗಿದರು. "ದುರ್ಗಕ್ಕೆ ಬಟ್ಟೆ ಹಾಕ್ಕೊಂಡು ಹೋಗಾಕೆ ಬೇಕಲ್ಲ" ಎಂದರು, ಅಷ್ಟೇ. ಮರುದಿನ ಹುಣಸೆಹಣ್ಣಿನ ದೊಡ್ಡ ಉಂಡೆ ಹೊತ್ತುಕೊಂಡು ಹೊಳಲ್ಕೆರೆಗೆ ಹೋದೆವು. ಮೇಷ್ಟ್ರು ಖುಷಿಯಲ್ಲೂ ನನ್ನನ್ನು ಬೈದರು, ಇನ್ನೂ ಹತ್ತು ಮಾರ್ಕು ತೆಗೆಯಬಹುದಾಗಿತ್ತಂತೆ. ಪರದೆ ಅವತ್ತು ಪೂರ್ತಿ ಸರಿದಿತ್ತು. ಮೇಷ್ಟ್ರ ಹೆಂಡತಿ ನನ್ನ ಬಾಯಿಗೆ ಸಕ್ಕರೆ ಹಾಕಿದರು.

ಟ್ರೈನಿಂಗ್ ಮುಗಿಸಿದೆ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿ ಕೆಲಸವೂ ಸಿಕ್ಕಿತು. ಯಜಮಾನರ ರೂಮು ಮನೆಯಾಯಿತು. ಆ ದಶಕ ಮುಗಿಯುತ್ತಾ ಬಂದಿದ್ದ ಒಂದು ಬೇಸಿಗೆ ರಜೆಯಲ್ಲಿ ತಾಳ್ಯಕ್ಕೆ ಬಂದಿದ್ದೆ. ಹಗಲೂಟ ಮುಗಿಸಿ ಒಳಗೆ ಮಗುವಿಗೆ ಜಡೆ ಹಾಕುತ್ತಿದ್ದೆ. ಬಾಗಿಲಲ್ಲಿ ಎದುರುಮನೆಯವಳ ದನಿ ಕೇಳಿಸಿತು, ಅದೇ, ನೀರಿನ ಕೊಡ ಹೊತ್ತು ನನಗೆ ಹೆಸರಿಟ್ಟವಳು.

"ಅಕ್ಕಯ್ಯ, ಇಂಗ್ಲೀಷ್ ಪಾಸಾದೋಳು ಮನೇಲಿ ಇದಾಳಾ?"

ಅತ್ತೆ ಜಗುಲಿಯ ಮೇಲೆ ಅವರೆಕಾಳು ಹಸನು ಮಾಡುತ್ತಿದ್ದರು. ಅವರ ಕಿವಿ ಇರುವೆ ನಡೆದರೂ ಕೇಳಿಸುವಂಥದ್ದು. "ಯಾರು?" ಎಂದರು.

"ಅದೇ, ನಿಮ್ಮ ಸೊಸೆ. ಇಂಗ್ಲೀಷ್ ಪಾಸಾದೋಳು."

"ಕೇಳಿಸ್ಲಿಲ್ಲ ಕಣೇ. ಜೋರಾಗಿ ಹೇಳು."

"ಇಂಗ್ಲೀಷ್ ಪಾಸಾದೋಳು!" ಎಂದು ಅವಳು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಮೂರು ಸಲ ಆಯಿತು. ನಾನು ಒಳಗೆ ಬಾಚಣಿಗೆ ಹಿಡಿದು, ನಗು ತಡೆಯಲಾರದೆ ಗೋಡೆಗೆ ಒರಗಿದೆ.

ಆಗ ಅವಳ ದನಿ ಇಳಿಯಿತು. "ನಮ್ಮ ಹುಡುಗೀನ ಕರ್ಕೊಂಡು ಬಂದೀನಿ ಅಕ್ಕಯ್ಯ. ಇವಳೂ ಇಂಗ್ಲೀಷಲ್ಲಿ ಫೇಲಾದೋಳು..."

ನಾನು ಹೊರಗೆ ಬಂದೆ. ಅವಳ ಮಗಳು ತಾಯಿಯ ಬೆನ್ನ ಹಿಂದೆ ಮುಖ ಮುಚ್ಚಿಕೊಂಡು ನಿಂತಿದ್ದಳು, ಹದಿನಾರು ತುಂಬಿರಬೇಕು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮೊರವನ್ನು ನೆಲಕ್ಕೆ ಕುಕ್ಕಿ ಎದ್ದರು.

"ಏನಂದೆ? ನಾಲಿಗೆ ಬಿಗಿ ಹಿಡಿದು ಮಾತಾಡು! ಫೇಲಾದೋಳು ಅಂತ ಇನ್ನೊಂದ್ಸಲ ಅಂದೀಯೆ" ಎಂದವರೇ ಆ ಹುಡುಗಿಯ ಕೈ ಹಿಡಿದು ಮೆಟ್ಟಿಲು ಹತ್ತಿಸಿದರು. "ಬಾರವ್ವ ಒಳಗೆ. ಇವಳು ಇನ್ನೂ ಪಾಸಾಗದೋಳು ಕಣೇ, ಅಷ್ಟೇ."